ಮಗ ನೇವಿ ಬೂಟ್ ಕ್ಯಾಂಪ್‌ಗೆ ಹೊರಟಿದ್ದಾನೆ, ಮನೆಯವರು ಏನೇನು ತಿಳಿದಿರಬೇಕು?

ಮಲ್ಲಿಗೆಬಳ್ಳಿ ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ಇಲ್ಲಿ ಯಾರ ಮನೆಯಿಂದಾದರೂ ಅಮೆರಿಕದ ನೇವಿಗೆ, ಅಂದರೆ ನೌಕಾಪಡೆಗೆ, ಸೇರಿದವರು ಇದ್ದಾರಾ? ನನ್ನ ಮಗನಿಗೆ 19 ವರ್ಷ, ಇಲ್ಲೇ ಹುಟ್ಟಿ ಬೆಳೆದವನು. ಒಂದು ವರ್ಷ ಕಾಲೇಜಿಗೆ ಹೋದ, ಮನಸ್ಸು ನಿಲ್ಲಲಿಲ್ಲ. ನಮಗೆ ಹೇಳದೆ ನೇವಿಗೆ ಜನ ಸೇರಿಸುವ ರಿಕ್ರೂಟರ್ ಹತ್ತಿರ ಹೋಗಿ ಮಾತಾಡಿಕೊಂಡು ಬಂದ, ಆಮೇಲೆ ಪರೀಕ್ಷೆ ಬರೆದ, ಮೆಡಿಕಲ್ ಆಯಿತು, ಈಗ ಹೊರಡುವ ದಿನವೂ ಗೊತ್ತಾಗಿದೆ. ಇನ್ನು 24 ದಿನ. ಬೂಟ್ ಕ್ಯಾಂಪ್‌ಗೆ, ಅಂದರೆ ಹೊಸದಾಗಿ ಸೇರಿದವರ ಮೊದಲ ಟ್ರೇನಿಂಗ್‌ಗೆ, ಶಿಕಾಗೋ ಹತ್ತಿರದ ಗ್ರೇಟ್ ಲೇಕ್ಸ್‌ಗೆ ಹೋಗುತ್ತಾನೆ.

ಮೊದಮೊದಲು ನಾನೂ ಜಗಳ ಆಡಿದೆ. ಈಗ ಒಪ್ಪಿಕೊಂಡಿದ್ದೇನೆ, ಬಾಯಿಮಾತಿಗಲ್ಲ, ನಿಜವಾಗಿ. ದಿನಾ ಬೆಳಿಗ್ಗೆ ಐದಕ್ಕೆ ತಾನೇ ಎದ್ದು ಓಡಲು ಹೋಗುತ್ತಾನೆ. ಶಾಲೆಗೆ ಎಬ್ಬಿಸಿ ಎಬ್ಬಿಸಿ ನನ್ನ ಗಂಟಲು ಒಣಗಿಸಿದ ಹುಡುಗ ಅವನು. ಅದನ್ನು ನೋಡಿದ ಮೇಲೆ ಬೇಡ ಅನ್ನಲು ಬಾಯಿ ಬರಲಿಲ್ಲ.

ಆದರೆ ನಮ್ಮವರು ಅವನ ಜೊತೆ ಮಾತು ಬಿಟ್ಟಿದ್ದಾರೆ. ಬೈಯುವುದಿಲ್ಲ, ಕೂಗಾಡುವುದಿಲ್ಲ, ಊಟಕ್ಕೆ ಕೂತರೆ ತಟ್ಟೆ ನೋಡಿಕೊಂಡು ಉಂಡು ಏಳುತ್ತಾರೆ. ಮಗನೂ ಅಪ್ಪನ ಹಾಗೇ ಹಟದವನು. ಊರಲ್ಲಿ ಅತ್ತೆಯವರು ಫೋನಿನಲ್ಲಿ "ಮೊಮ್ಮಗನನ್ನ ಯುದ್ಧಕ್ಕೆ ಕಳಿಸ್ತೀಯೇನೇ" ಅಂತ ಅಳುತ್ತಾರೆ. ನಡುವೆ ನಾನು.

ನನಗೆ ಗೊತ್ತಾಗಬೇಕಾದ್ದು ಇಷ್ಟು. ಹೋದ ಮೇಲೆ ಅವನ ಜೊತೆ ಎಷ್ಟು ದಿನ ಮಾತಾಡಲು ಆಗುವುದಿಲ್ಲ? ಏನು ಕೊಟ್ಟು ಕಳಿಸಬೇಕು? ಅವನು ಮಾಂಸ ತಿನ್ನುವುದಿಲ್ಲ, ಮೊಟ್ಟೆ ತಿನ್ನುತ್ತಾನೆ, ಹೊಟ್ಟೆಗೆ ಏನು ಗತಿ? ಈಜು ಅಷ್ಟಕ್ಕಷ್ಟೆ. ಮನೆಯಲ್ಲಿ ಯಾರಿಗಾದರೂ ಏನಾದರೂ ಆದರೆ ಅವನಿಗೆ ತಿಳಿಸುವುದು ಹೇಗೆ? ಮತ್ತೆ, ಈ ಅಪ್ಪ ಮಗ ಮಾತಾಡದೇ ಬೇರೆಯಾಗಿಬಿಟ್ಟರೆ ಅನ್ನುವ ಹೆದರಿಕೆ. ಅದಕ್ಕೆ ಯಾರ ಹತ್ತಿರವಾದರೂ ದಾರಿ ಇದ್ದರೆ ಹೇಳಿ.

ಕೆರೆದಂಡೆ ಬರೆದದ್ದು:

ಮೇಡಂ, ನನ್ನ ಮಗಳು ಹೋಗಿ ಬಂದಿದ್ದಾಳೆ. ಈಗ ಹಡಗಿನಲ್ಲಿದ್ದಾಳೆ. ನಾನೂ ಮೊದಲ ತಿಂಗಳು ಮುಖ ಊದಿಸಿಕೊಂಡಿದ್ದ ಅಪ್ಪನೇ, ಅದಕ್ಕೇ ನಿಮ್ಮ ಪ್ರಶ್ನೆ ಓದಿ ಸುಮ್ಮನಿರಲು ಆಗಲಿಲ್ಲ. ಆ ವಿಷಯ ಕೊನೆಗೆ ಹೇಳುತ್ತೇನೆ.

ನೇವಿಯವರಿಗೆ ಈಗ ಇರುವುದು ಇದೊಂದೇ ಬೂಟ್ ಕ್ಯಾಂಪ್. 1911ರಿಂದ ಅಲ್ಲೇ ನಡೆಯುತ್ತಿದೆ. ಹಿಂದೆ ಸ್ಯಾನ್ ಡಿಯಾಗೋ, ಒರ್ಲಾಂಡೋದಲ್ಲೂ ಇದ್ದವು, 1990ರ ದಶಕದಲ್ಲಿ ಅವನ್ನು ಮುಚ್ಚಿದರು. ಟ್ರೇನಿಂಗ್ ಮೊದಲು ಹತ್ತು ವಾರ ಇತ್ತು, 2025ರಿಂದ ಒಂಬತ್ತು ವಾರ ಮಾಡಿದ್ದಾರೆ.

ತಲುಪಿದ ದಿನ, ಹೆಚ್ಚಾಗಿ ರಾತ್ರಿ ಹೊತ್ತು, ಒಂದು ಕರೆ ಬರುತ್ತದೆ. ಅದನ್ನು ಕರೆ ಅನ್ನುವುದೂ ಜಾಸ್ತಿ. ಎದುರಿಗೆ ಬರೆದಿಟ್ಟ ಎರಡು ಮೂರು ಸಾಲು ಓದಿ ಇಡುತ್ತಾರೆ. ತಲುಪಿದ್ದೇನೆ, ಚೆನ್ನಾಗಿದ್ದೇನೆ, ಪತ್ರ ಬರುತ್ತದೆ, ಅಷ್ಟೆ. ದನಿ ಒಂಥರಾ ಇರುತ್ತದೆ, ಹಿಂದೆ ಯಾರೋ ಕೂಗುತ್ತಿರುತ್ತಾರೆ. ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ನನ್ನ ಹೆಂಡತಿ "ಊಟ ಮಾಡಿದ್ಯಾ" ಅಂತ ಕೇಳುವಷ್ಟರಲ್ಲಿ ಲೈನ್ ಹೋಯಿತು, ಅವಳು ಫೋನ್ ಹಿಡಿದುಕೊಂಡು ಅಡುಗೆಮನೆಯಲ್ಲಿ ನೆಲದ ಮೇಲೇ ಕೂತುಬಿಟ್ಟಳು. ಆದ್ದರಿಂದ ಈಗಲೇ ಹೇಳುತ್ತಿದ್ದೇನೆ. ಆ ಕರೆಯಲ್ಲಿ ನೀವು ಏನೂ ಕೇಳಬೇಡಿ. "ಆಯ್ತಪ್ಪ, ಹುಷಾರು" ಅನ್ನಿ, ಸಾಕು. ಗೊತ್ತಿಲ್ಲದ ನಂಬರಿನಿಂದ ಬಂದರೂ ತೆಗೆಯಿರಿ, ಆ ರಾತ್ರಿ ಫೋನನ್ನು ಸೈಲೆಂಟ್‌ನಲ್ಲಿ ಇಡಬೇಡಿ.

ಆಮೇಲೆ ಕೆಲವು ವಾರ ಬಹಳ ಕಡಿಮೆ. ಫೋನ್ ಅವರ ಕೈಯಲ್ಲಿ ಇರುವುದಿಲ್ಲ. ಯಾವಾಗ ಮಾತಾಡಬಹುದು ಅಂತ ಮೇಲಿನವರು ಹೇಳುತ್ತಾರೆ, ಅದೂ ಡಿವಿಷನ್‌ನಿಂದ ಡಿವಿಷನ್‌ಗೆ, ಅಂದರೆ ಒಟ್ಟಿಗೆ ಟ್ರೇನಿಂಗ್ ಪಡೆಯುವ ಒಂದೊಂದು ತಂಡಕ್ಕೂ, ಬೇರೆ. ಪಕ್ಕದ ಮನೆಯವರ ಮಗ ಎರಡು ಸಲ ಮಾತಾಡಿದ, ನಮ್ಮವನು ಯಾಕೆ ಮಾಡಲಿಲ್ಲ ಅಂತ ಲೆಕ್ಕ ಹಾಕಲು ಹೋಗಬೇಡಿ.

ಹಾಕಿಕೊಂಡು ಹೋದ ಬಟ್ಟೆ ಒಂದು ಡಬ್ಬದಲ್ಲಿ ನಮ್ಮ ಮನೆಗೆ ವಾಪಸ್ ಬಂತು. ಕೆಲವರು ಅಲ್ಲೇ ದಾನಕ್ಕೆ ಕೊಟ್ಟುಬಿಡುತ್ತಾರೆ. ಡಬ್ಬ ಬಂದರೆ ಹೆದರಬೇಡಿ, ಒಬ್ಬರೇ ಇದ್ದಾಗ ಬಿಚ್ಚಲೂ ಬೇಡಿ. ಮಗಳ ಬೂಟಿನಲ್ಲಿ ಕಾಲುಚೀಲ ಸುತ್ತಿ ತುರುಕಿದ್ದಳು, ಮನೆಯಲ್ಲಿ ಮಾಡುತ್ತಿದ್ದ ಹಾಗೇ. ಅದನ್ನು ನೋಡಿ ಅತ್ತಿದ್ದು ನಾನು.

ಕೊಟ್ಟು ಕಳಿಸುವುದಕ್ಕೆ ಏನೂ ಇಲ್ಲ. ರಿಕ್ರೂಟರ್ ಕೊಟ್ಟ ಪಟ್ಟಿಯಲ್ಲಿ ಇರುವುದು ಮಾತ್ರ. ತಿಂಡಿ ಡಬ್ಬಿ, ಚಿನ್ನದ ಸರ, ಯಾವುದೂ ಬೇಡ. ಅದಕ್ಕಿಂತ ಈ 24 ದಿನದಲ್ಲಿ ಕಾಗದ ಪತ್ರದ ಕೆಲಸ ಮುಗಿಸಿ. ಸಂಬಳ ಬೀಳುವ ಬ್ಯಾಂಕ್ ಖಾತೆಯ ನಂಬರ್, ಸೋಶಿಯಲ್ ಸೆಕ್ಯುರಿಟಿ ಕಾರ್ಡ್ ಸಿದ್ಧ ಇರಲಿ. ಕಾರಿದ್ದರೆ ಅದರ ಇನ್ಶೂರೆನ್ಸ್ ಏನು ಮಾಡಬೇಕು, ಫೋನ್ ಬಿಲ್ ಯಾರು ಕಟ್ಟುತ್ತಾರೆ, ಕಾಲೇಜಿನ ಸಾಲ ಇದ್ದರೆ ಯಾವಾಗ ಕಂತು, ಎಲ್ಲ ಕೂತು ಬರೆದಿಡಿ. ಅವನ ಪರವಾಗಿ ಸಹಿ ಹಾಕುವ ಕೆಲಸ ಬರಬಹುದು ಅನ್ನಿಸಿದರೆ ಪವರ್ ಆಫ್ ಅಟಾರ್ನಿ ಮಾಡಿಸಿ. ನಾವು ಮಾಡಿಸಿರಲಿಲ್ಲ. ಒಂದು ತೆರಿಗೆ ಕಾಗದಕ್ಕೆ ಎರಡು ತಿಂಗಳು ಕಾದೆವು.

ಮನೆಯಲ್ಲಿ ತುರ್ತು ಬಂದರೆ ರೆಡ್ ಕ್ರಾಸ್‌ಗೆ ಫೋನ್ ಮಾಡಬೇಕು. ಅಮೆರಿಕನ್ ರೆಡ್ ಕ್ರಾಸ್‌ನವರು ಆಸ್ಪತ್ರೆಯಲ್ಲಿ ವಿಚಾರಿಸಿ ಖಚಿತ ಮಾಡಿಕೊಂಡು ಅವನ ಮೇಲಧಿಕಾರಿಗಳಿಗೆ ಸುದ್ದಿ ಮುಟ್ಟಿಸುತ್ತಾರೆ. ಅವರು ಕೇಳುವುದು ಮಗನ ಪೂರ್ತಿ ಹೆಸರು, ಹುಟ್ಟಿದ ದಿನ, ಸೋಶಿಯಲ್ ಸೆಕ್ಯುರಿಟಿ ನಂಬರ್, ಎಲ್ಲಿದ್ದಾನೆ ಅನ್ನುವುದು. ಒಂದು ಚೀಟಿಯಲ್ಲಿ ಬರೆದು ಭದ್ರವಾಗಿ ಇಟ್ಟುಕೊಳ್ಳಿ.

ಈಗ ನಿಮ್ಮವರ ವಿಷಯ. ನಾನು ಮಾತು ಬಿಟ್ಟಿದ್ದು ಸಿಟ್ಟಿಗಲ್ಲ ಮೇಡಂ. ಬಾಯಿ ತೆಗೆದರೆ "ಹೋಗಬೇಡ" ಅಂತ ಬಂದುಬಿಡುತ್ತದೆ ಅನ್ನುವ ಭಯಕ್ಕೆ. ಅವರನ್ನು ಕೂರಿಸಿ "ಮಾತಾಡಿ" ಅಂತ ಒತ್ತಾಯ ಮಾಡಬೇಡಿ, ಆಗುವುದಿಲ್ಲ. ಒಂದು ಕೆಲಸ ಕೊಡಿ. ಹೋಗುವ ಮೊದಲೇ ಬಾಯಿಪಾಠ ಮಾಡಬೇಕಾದದ್ದು ಇರುತ್ತದೆ: ಕಾವಲುಗಾರನ 11 ಜನರಲ್ ಆರ್ಡರ್‌ಗಳು, ಸೈಲರ್ಸ್ ಕ್ರೀಡ್ ಅನ್ನುವ ನಾವಿಕರ ಪ್ರತಿಜ್ಞೆ, ರ‍್ಯಾಂಕ್‌ಗಳು. ಕಾಗದ ಅಪ್ಪನ ಕೈಗೆ ಕೊಟ್ಟು ಒಪ್ಪಿಸಿಕೊಳ್ಳಲು ಹೇಳಿ. ಚಿಕ್ಕವನಿದ್ದಾಗ ಮಗ್ಗಿ ಒಪ್ಪಿಸಿಕೊಂಡಿರುತ್ತಾರೆ ಅಲ್ವಾ, ಅದೇ ಥರ.

ಹಳೇಡೆಕ್ ಬರೆದದ್ದು:

ಆಂಟಿ, ನಾನು ಹೋಗಿಬಂದವನು. ನಾಲ್ಕು ವರ್ಷ ಮುಗಿಸಿ ಈಗ ಹೊರಗೆ ಓದುತ್ತಿದ್ದೇನೆ. ಒಳಗಿದ್ದವನಿಗೆ ಹೇಗಿರುತ್ತದೆ ಅಂತ ಹೇಳುತ್ತೇನೆ, ಅಮ್ಮಂದಿರಿಗೆ ಅದು ಯಾರೂ ಹೇಳುವುದಿಲ್ಲ.

ಮೊದಲ ವಾರ ನಿದ್ದೆ ಇಲ್ಲ. ತಲೆ ಬೋಳಿಸುತ್ತಾರೆ, ಸಾಲಾಗಿ ನಿಲ್ಲಿಸಿ ಇಂಜೆಕ್ಷನ್ ಚುಚ್ಚುತ್ತಾರೆ. ಸುಮಾರು 80 ಜನ ಒಂದೇ ದೊಡ್ಡ ಕೋಣೆಯಲ್ಲಿ. ಅದನ್ನು ಕಂಪಾರ್ಟ್‌ಮೆಂಟ್ ಅನ್ನಬೇಕು, ಕಟ್ಟಡವನ್ನು ಶಿಪ್, ನೆಲವನ್ನು ಡೆಕ್, ಹಾಸಿಗೆಯನ್ನು ರ‍್ಯಾಕ್, ಬಚ್ಚಲನ್ನು ಹೆಡ್. ಕೆಂಪು ಹಗ್ಗ ಹಾಕಿಕೊಂಡ ಆರ್‌ಡಿಸಿಗಳು, ಅಂದರೆ ನಮ್ಮನ್ನು ತಯಾರು ಮಾಡುವವರು, ಬೆಳಗಿನಿಂದ ರಾತ್ರಿ ತನಕ ಬೆನ್ನ ಹಿಂದೆಯೇ ಇರುತ್ತಾರೆ. ಬಟ್ಟೆ ಮಡಿಸಿದ್ದು ಒಂದು ಬೆರಳು ಆಚೆ ಈಚೆ ಆದರೂ ಎಲ್ಲ ಕಿತ್ತು ಹಾಕಿ ಮತ್ತೆ ಮಡಿಸಿ ಅನ್ನುತ್ತಾರೆ. ಎಲ್ಲರ ದನಿ ಹೋಗುತ್ತದೆ, ಎಲ್ಲರಿಗೂ ಕೆಮ್ಮು. ಮೊದಲ ಪತ್ರದಲ್ಲಿ ಅವನು "ನಾನು ಇಲ್ಲಿಗೆ ಬರಬಾರದಿತ್ತು" ಅಂತ ಬರೆದರೂ ಬರೆಯಬಹುದು. ನಾನು ಬರೆದಿದ್ದೆ. ಆ ಪತ್ರ ನಿಮ್ಮ ಕೈ ಸೇರುವ ಹೊತ್ತಿಗೆ ನಾಲ್ಕೈದು ದಿನ ಆಗಿರುತ್ತದೆ, ಅವನು ಆ ದಿನವನ್ನು ಮರೆತೂ ಇರುತ್ತಾನೆ. ನೀವು ಮಾತ್ರ ಅದನ್ನೇ ಹತ್ತು ಸಲ ಓದಿ ಕೊರಗುತ್ತೀರಿ. ದಯವಿಟ್ಟು ಹಾಗೆ ಮಾಡಬೇಡಿ.

ನೀವು ಮಾಡಬಹುದಾದ ಒಂದೇ ದೊಡ್ಡ ಕೆಲಸ ಪತ್ರ. ವಿಳಾಸ ಇರುವ ಫಾರ್ಮ್ ಲೆಟರ್ ಬರುತ್ತದೆ, ಅದರಲ್ಲಿ ಶಿಪ್ ನಂಬರ್, ಡಿವಿಷನ್ ನಂಬರ್ ಇರುತ್ತದೆ. ಅದನ್ನು ಒಂದಕ್ಷರ ಬಿಡದೆ ಹಾಗೇ ಬರೆಯಿರಿ. ಬಣ್ಣದ ಕವರ್, ಸ್ಟಿಕ್ಕರ್, ಮೇಲೆ ಹೃದಯದ ಚಿತ್ರ ಬೇಡ. ಎಲ್ಲರ ಮುಂದೆ ಎದ್ದು ಕಾಣುವುದು ಅಲ್ಲಿ ಯಾರಿಗೂ ಬೇಕಿಲ್ಲ. ತಿಂಡಿ ಕಳಿಸಬೇಡಿ, ಕೊಡುವುದಿಲ್ಲ. ಒಂದೆರಡು ಫೋಟೋ ಸರಿ.

ಏನು ಬರೆಯಬೇಕು ಅಂದರೆ, ಸುಮ್ನೆ ಮನೆಯ ಸುದ್ದಿ. "ನಿನ್ನನ್ನು ನೆನೆದು ಅಳು ಬರುತ್ತದೆ" ಅಂತ ಬರೆದರೆ ಅವನು ರಾತ್ರಿಯೆಲ್ಲ ಹೊರಳಾಡುತ್ತಾನೆ. ಪಕ್ಕದ ಮನೆ ನಾಯಿ ಮರಿ ಹಾಕಿದ್ದು, ಅಪ್ಪ ಹುಲ್ಲು ಕತ್ತರಿಸುವ ಮಷೀನ್ ರಿಪೇರಿ ಮಾಡಲು ಹೋಗಿ ಬೈಸಿಕೊಂಡಿದ್ದು, ಅಂಥದ್ದು ಬೇಕು. ನನ್ನ ಅಮ್ಮ ಎಲ್ಲ ಪತ್ರದ ಕೊನೆಗೆ ಒಂದು ಸಾಲು ಮಾತ್ರ ಕನ್ನಡದಲ್ಲಿ ಬರೆಯುತ್ತಿದ್ದರು. ನಾನು ವಾರಕ್ಕೊಮ್ಮೆ ಕನ್ನಡ ಕ್ಲಾಸಿಗೆ ಹೋಗಿ ಅಕ್ಷರ ಕಲಿತವನು, ಒತ್ತಕ್ಷರ ಬಂದರೆ ಒದ್ದಾಟ. ಭಾನುವಾರ ಬೆಳಿಗ್ಗೆ ಸ್ವಲ್ಪ ಬಿಡುವು ಕೊಡುತ್ತಾರೆ, ಆಗ ರ‍್ಯಾಕ್ ಪಕ್ಕ ನೆಲದ ಮೇಲೆ ಕೂತು ಬೆರಳಿಟ್ಟು ಅಕ್ಷರ ಕೂಡಿಸಿಕೊಂಡು ಓದುತ್ತಿದ್ದೆ. ಒಂದು ಸಾಲಿಗೆ ಹತ್ತು ನಿಮಿಷ. ಒಂದು ಸಲ ಅಷ್ಟೆಲ್ಲ ಕಷ್ಟಪಟ್ಟು ಓದಿದರೆ "ಗೊಜ್ಜಿಗೆ ಉಪ್ಪು ಜಾಸ್ತಿ ಆಯ್ತು" ಅಂತ ಇತ್ತು. ಆ ಪತ್ರ ಈಗಲೂ ನನ್ನ ಹತ್ತಿರ ಇದೆ.

ಈಜಿನ ಬಗ್ಗೆ. ಥರ್ಡ್ ಕ್ಲಾಸ್ ಸ್ವಿಮ್ಮರ್ ಪರೀಕ್ಷೆ ಪಾಸಾಗಲೇಬೇಕು. ಎತ್ತರದಿಂದ ನೀರಿಗೆ ಹಾರಬೇಕು, 50 ಗಜ ಈಜಬೇಕು, ಐದು ನಿಮಿಷ ಬೋರಲಾಗಿ ತೇಲಬೇಕು, ಬಟ್ಟೆಗೆ ಗಾಳಿ ತುಂಬಿ ತೇಲಲು ಕಲಿಯಬೇಕು. ಬರದವರಿಗೆ ಅಲ್ಲಿ ಕಲಿಸುತ್ತಾರೆ, ಆದರೆ ಆ ಹೊತ್ತು ಬೇರೆ ಯಾವುದೋ ಬಿಡುವಿನಿಂದಲೇ ಹೋಗುತ್ತದೆ. ಇನ್ನೂ 24 ದಿನ ಇದೆ, ಇವತ್ತೇ ಕೊಳಕ್ಕೆ ಕಳಿಸಿ. ಓಟ ಒಂದೂವರೆ ಮೈಲಿ, ಜೊತೆಗೆ ಪುಶ್‌ಅಪ್, ಪ್ಲ್ಯಾಂಕ್. ಐದಕ್ಕೆ ಎದ್ದು ಓಡುವವನಿಗೆ ಅದು ಕಷ್ಟ ಆಗಲಾರದು.

ಊಟ: ನಾನೂ ಮಾಂಸ ಮುಟ್ಟದೆ ಹೋದವನು. ಮೊಟ್ಟೆ, ಬೀನ್ಸ್, ಪೀನಟ್ ಬಟರ್, ಸೊಪ್ಪು ತರಕಾರಿ, ಹಣ್ಣು ಸಿಕ್ಕಿತು. ರುಚಿಯ ಮಾತು ಬೇಡ, ಹೊಟ್ಟೆ ತುಂಬಿತು. ತಿನ್ನಲು ಸಮಯ ಬಹಳ ಕಡಿಮೆ, ಅದೇ ತೊಂದರೆ. ಮೊಟ್ಟೆ ತಿನ್ನುತ್ತಾನೆ ಅಂದಿರಲ್ಲ, ಅರ್ಧ ಚಿಂತೆ ಕಳೆಯಿತು.

ತುಂಗಾತೀರ ಬರೆದದ್ದು:

ನನ್ನ ಮಾತು ಯಾರಿಗೂ ಹಿಡಿಸದೇ ಇರಬಹುದು. ಆದರೂ ಹೇಳುತ್ತೇನೆ. ಹೊರಡುವ ದಿನದ ತನಕ ಹಿಂದೆ ಸರಿಯಲು ದಾರಿ ಇರುತ್ತದೆ, ಡಿಲೇಡ್ ಎಂಟ್ರಿಯಲ್ಲಿ ಇರುವವರು, ಅಂದರೆ ಸಹಿ ಹಾಕಿ ಹೊರಡುವ ದಿನಕ್ಕೆ ಕಾಯುತ್ತಿರುವವರು, ಬೇಡ ಅಂದರೆ ಬಿಡುತ್ತಾರೆ. ಅದು ಹುಡುಗನಿಗೂ ಗೊತ್ತಿರಲಿ. ಹೆದರಿಸಲು ಹೇಳುತ್ತಿಲ್ಲ. ಬಾಗಿಲು ತೆರೆದಿದ್ದೂ ತಾನೇ ಹೋದೆ ಅಂತ ಅವನಿಗೆ ಅನ್ನಿಸಬೇಕು. ನನ್ನ ಅಣ್ಣನ ಮಗನಿಗೆ ಹೊರಡುವ ಹಿಂದಿನ ವಾರ ಮನಸ್ಸು ಹೊಯ್ದಾಡಿತು, ಮನೆಯವರು "ಈಗ ಆಗಲ್ಲ, ಸಹಿ ಹಾಕಿಯಾಯ್ತು" ಅಂದುಬಿಟ್ಟರು. ಹೋದ, ಮುಗಿಸಿದ, ಚೆನ್ನಾಗಿಯೇ ಇದ್ದಾನೆ, ಆದರೆ ಆ ಮಾತನ್ನು ಮರೆತಿಲ್ಲ.

ಮಲ್ಲಿಗೆಬಳ್ಳಿ ಬರೆದದ್ದು:

ತುಂಗಾತೀರ ಅವರೇ, ಒಳ್ಳೆಯ ಮಾತು ಹೇಳಿದಿರಿ, ತಪ್ಪು ತಿಳಿಯಲಿಲ್ಲ. ನಿನ್ನೆ ರಾತ್ರಿ ಅವನಿಗೆ ಇದನ್ನೇ ಹೇಳಿದೆ. "ಗೊತ್ತಮ್ಮಾ, ರಿಕ್ರೂಟರೇ ಹೇಳಿದಾರೆ" ಅಂದ. ಸ್ವಲ್ಪ ಹೊತ್ತು ಬಿಟ್ಟು "ನೀನು ಕೇಳಿದ್ದು ಒಳ್ಳೇದಾಯ್ತು" ಅಂದ. ಹಳೇಡೆಕ್, ನಿನ್ನ ಪತ್ರದ ಸುದ್ದಿ ಓದಿ ನಾನು ನಕ್ಕು ಅತ್ತೆ ಕಣಪ್ಪ. ನಮ್ಮವನಿಗೂ ಒತ್ತಕ್ಷರವೇ ಕಷ್ಟ.

ಶರಾವತಿ_ಅಕ್ಕ ಬರೆದದ್ದು:

ಅಕ್ಕಾ, ನನ್ನ ತಮ್ಮ ಹೋಗಿದ್ದ. ಎಲ್ಲರೂ ಒಂಬತ್ತು ವಾರದ ಲೆಕ್ಕ ಹೇಳುತ್ತಾರೆ, ಅದನ್ನು ಕ್ಯಾಲೆಂಡರ್‌ನಲ್ಲಿ ಕೆತ್ತಿ ಇಡಬೇಡಿ. ನಮ್ಮವನಿಗೆ ಐದನೇ ವಾರ ಕಾಲಿನ ಮೂಳೆಗೆ ಪೆಟ್ಟಾಯಿತು. ವಾಸಿ ಆಗುವ ತನಕ ನಿಲ್ಲಿಸಿ, ಆಮೇಲೆ ಹಿಂದಿನಿಂದ ಬರುತ್ತಿದ್ದ ಬೇರೆ ಡಿವಿಷನ್‌ಗೆ ಹಾಕಿದರು. ಈಜು, ಪರೀಕ್ಷೆ, ಓಟ, ಯಾವುದರಲ್ಲಿ ಹಿಂದೆ ಬಿದ್ದರೂ ಹೀಗೆ ಆಗುತ್ತದೆ. ಅವನಿಗೆ ಬಹಳ ಅವಮಾನ ಅನ್ನಿಸಿತ್ತು. ಕೊನೆಯ ಪೆರೇಡ್ ನೋಡಲು ನಾವು ಟಿಕೆಟ್ ತೆಗೆದಿದ್ದೆವು, ಅಪ್ಪ ಫೋನಿನಲ್ಲಿ "ಟಿಕೆಟ್ ತೆಗೆದಾಗಿದೆಯಲ್ಲೋ" ಅಂದುಬಿಟ್ಟರು, ಬೇಕಂತ ಅಲ್ಲ, ಬಾಯಿಗೆ ಬಂದದ್ದು. ಆ ಕಡೆ ಮಾತೇ ಇಲ್ಲ. ಅದಕ್ಕೇ ಹೇಳುವುದು, ಟಿಕೆಟ್ ತೆಗೆದರೆ ಬದಲಾಯಿಸಲು ಆಗುವಂಥದ್ದು ತೆಗೆಯಿರಿ. ತಡ ಆದರೆ "ಸರಿ, ನಾವು ಆಗಲೇ ಬರುತ್ತೇವೆ" ಅನ್ನಿ.

ಕೊನೆ ಕಡೆ ಬ್ಯಾಟಲ್ ಸ್ಟೇಷನ್ಸ್ ಅಂತ ಒಂದು ರಾತ್ರಿಯ ಪರೀಕ್ಷೆ ಇರುತ್ತದೆ, ಸುಮಾರು 12 ಗಂಟೆ. ಯುಎಸ್‌ಎಸ್ ಟ್ರೇಯರ್ ಅಂತ, ಕಟ್ಟಡದ ಒಳಗೇ ನೀರಿನಲ್ಲಿ ಕಟ್ಟಿರುವ 210 ಅಡಿಯ ಹಡಗಿನ ಮಾದರಿ. ಬೆಂಕಿ, ಹೊಗೆ, ಒಳಗೆ ನೀರು ನುಗ್ಗುವುದು, ಗಾಯಾಳುಗಳನ್ನು ಹೊರುವುದು, ಎಲ್ಲ ಒಂದಾದ ಮೇಲೆ ಒಂದು. 2000ದಲ್ಲಿ ಯುಎಸ್‌ಎಸ್ ಕೋಲ್ ಅನ್ನುವ ನೇವಿ ಹಡಗಿನ ಮೇಲೆ ದಾಳಿ ಆಯಿತಲ್ಲ, ಅಂಥ ನಿಜವಾದ ಘಟನೆಗಳಿಂದ ಕಲಿತದ್ದನ್ನು ಅಲ್ಲಿ ಮಾಡಿಸುತ್ತಾರೆ. ಬೆಳಗಾದ ಮೇಲೆ ರಿಕ್ರೂಟ್ ಅಂತ ಬರೆದ ಟೋಪಿ ತೆಗೆದು ನೇವಿ ಅಂತ ಬರೆದ ಟೋಪಿ ಕೊಡುತ್ತಾರೆ. ಅದಾದ ಮೇಲೆ ತಮ್ಮ ಮಾಡಿದ ಕರೆ ನನಗೆ ಈಗಲೂ ಕಿವಿಯಲ್ಲಿದೆ. ದನಿ ಪೂರ್ತಿ ಹೋಗಿತ್ತು, "ಅಕ್ಕಾ, ಟೋಪಿ ಸಿಕ್ತು" ಅಂತ ಇಷ್ಟೇ, ಎರಡು ಸಲ.

ಪಾಸ್ ಇನ್ ರಿವ್ಯೂ, ಅಂದರೆ ಕೊನೆಯ ಪೆರೇಡ್‌ಗೆ ಎಷ್ಟು ಜನ ಬೇಕಾದರೂ ಹೋಗಲು ಆಗುವುದಿಲ್ಲ. ಹೆಸರುಗಳನ್ನು ಅವನೇ ಒಳಗಿಂದ ಬರೆದು ಕೊಡಬೇಕು, ಗೇಟಿನಲ್ಲಿ ಗುರುತಿನ ಚೀಟಿ ನೋಡುತ್ತಾರೆ. ಯಾರು ಯಾರು ಅಂತ ಅವನು ಹೋಗುವ ಮೊದಲೇ ಮನೆಯಲ್ಲಿ ತೀರ್ಮಾನ ಮಾಡಿ, ಪೂರ್ತಿ ಹೆಸರು ಅವನಿಗೆ ಬರೆದು ಕೊಡಿ. ಊರಲ್ಲಿರುವ ಅತ್ತೆಯವರಿಗೆ ಹೇಳಿ, ಪೆರೇಡ್ ಯೂಟ್ಯೂಬಿನಲ್ಲಿ ನೇರ ಬರುತ್ತದೆ. ಇಲ್ಲಿ ಬೆಳಿಗ್ಗೆ ಅಂದರೆ ಅಲ್ಲಿ ಸಂಜೆ, ಆರಾಮಾಗಿ ಕೂತು ನೋಡಬಹುದು. ನಮ್ಮ ಅಜ್ಜಿ ಟಿವಿಯಲ್ಲಿ ಹಾಕಿಸಿಕೊಂಡು ಬೀದಿಯವರನ್ನೆಲ್ಲ ಕರೆದಿದ್ದರು. ಎಲ್ಲರೂ ಒಂದೇ ಥರ ಬಿಳಿ ಟೋಪಿ, ತಮ್ಮ ಯಾರು ಅಂತ ನಮಗೇ ಗೊತ್ತಾಗಲಿಲ್ಲ. ಅಜ್ಜಿ ಮಾತ್ರ ನಡಿಗೆ ನೋಡಿ ಹಿಡಿದರು.

ಇನ್ನೊಂದು. ಪೆರೇಡ್ ಮುಗಿದ ಮೇಲೆ ಮನೆಗೆ ಬರುತ್ತಾನೆ ಅಂದುಕೊಳ್ಳಬೇಡಿ. ಸ್ವಲ್ಪ ಹೊತ್ತು ನಿಮ್ಮ ಜೊತೆ ಇರಲು ಬಿಡುತ್ತಾರೆ, ಆಮೇಲೆ ನೇರ ಎ ಸ್ಕೂಲ್‌ಗೆ ಹೋಗುತ್ತಾರೆ, ಕೆಲಸ ಕಲಿಯಲು. ನನಗೆ ಅದು ಗೊತ್ತಿರಲಿಲ್ಲ, ಕೋಣೆಗೆ ಹೊಸ ಹೊದಿಕೆ ಹಾಸಿ ಇಟ್ಟಿದ್ದೆ.

ಮಲ್ಲಿಗೆಬಳ್ಳಿ ಬರೆದದ್ದು (ಮೂರೂವರೆ ವಾರದ ನಂತರ):

ಎಲ್ಲರಿಗೂ ಹೇಳಬೇಕು ಅನ್ನಿಸಿತು. ಮಗ ನಿನ್ನೆ ಹೋದ.

ಕೆರೆದಂಡೆ ಸರ್, ನೀವು ಹೇಳಿದ ಹಾಗೇ ಮಾಡಿದೆ. ಆರ್ಡರ್‌ಗಳ ಕಾಗದ ಇವರ ತಟ್ಟೆ ಪಕ್ಕ ಇಟ್ಟು "ನನಗೆ ಇಂಗ್ಲಿಷ್ ಉಚ್ಚಾರ ಸರಿ ಬರಲ್ಲ, ನೀವು ಒಪ್ಪಿಸಿಕೊಳ್ಳಿ" ಅಂದೆ. ಎರಡು ದಿನ ಕಾಗದ ಹಾಗೇ ಇತ್ತು. ಮೂರನೇ ರಾತ್ರಿ ನಾನು ನೀರು ಕುಡಿಯಲು ಎದ್ದರೆ ಗ್ಯಾರೇಜಿನಲ್ಲಿ ದೀಪ ಇತ್ತು. ಮಗ ನೆಟ್ಟಗೆ ನಿಂತು ಐದನೆಯದು ಹೇಳುತ್ತಿದ್ದ, ಇವರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಬೆರಳಲ್ಲಿ ಸಾಲು ಹಿಡಿದು, "ಒಂದು ಪದ ಬಿಟ್ಟೆ, ಮೊದಲಿಂದ ಹೇಳು" ಅನ್ನುತ್ತಿದ್ದರು. ನಾನು ಬಾಗಿಲ ಹಿಂದೆಯೇ ನಿಂತೆ. ಆಮೇಲೆ ದಿನಾ ರಾತ್ರಿ ಅದೇ. ಬೇರೆ ಮಾತು ಹೆಚ್ಚೇನೂ ಆಡಲಿಲ್ಲ. ಆದರೆ ಕೊಳಕ್ಕೆ ಇವರೇ ಕರೆದುಕೊಂಡು ಹೋಗಲು ಶುರು ಮಾಡಿದರು, ನಿನ್ನೆ ಹೊರಡುವಾಗ ಅವನ ಬೆನ್ನ ಮೇಲೆ ಕೈ ಇಟ್ಟು ಬಹಳ ಹೊತ್ತು ತೆಗೆಯಲಿಲ್ಲ.

ರಾತ್ರಿ 11:40ಕ್ಕೆ ಕರೆ ಬಂತು. ಓದುತ್ತಿದ್ದಾನೆ ಅಂತ ಗೊತ್ತಾಗುತ್ತಿತ್ತು. ನಾನು "ಆಯ್ತಪ್ಪ, ಹುಷಾರು" ಅಂದೆ. ಇವರು ಫೋನಿಗೆ ಬಾಗಿ "ಹನ್ನೊಂದೂ ನೆನಪಿದೆಯೇನೋ" ಅಂದರು, ಅಷ್ಟರಲ್ಲಿ ಲೈನ್ ಹೋಗಿತ್ತು.

ಇವತ್ತು ಬೆಳಿಗ್ಗೆಯಿಂದ ಮೂರು ಪತ್ರ ಬರೆದಿಟ್ಟಿದ್ದೇನೆ, ಕೊನೆಗೆ ಒಂದೊಂದು ಸಾಲು ಕನ್ನಡದಲ್ಲಿ, ಅಕ್ಷರ ದಪ್ಪಗೆ, ಒತ್ತಕ್ಷರ ಕಡಿಮೆ. ವಿಳಾಸ ಬರಲು ಕಾಯುತ್ತಿದ್ದೇನೆ.